ಬಣ್ಣ ಬೀಳಬಾರದ ಜಾಗ

ಆ ಬೀದಿಯವರು ಅವಳನ್ನು 'ಎಣಿಸೋ ಅಕ್ಕ' ಎನ್ನುತ್ತಾರೆ. ತರಕಾರಿ ಚೀಲ ಹಿಡಿದು ಹೋಗುತ್ತಿದ್ದವಳು ನಿಂತ ಕಾರು ಕಂಡರೆ ಸಾಕು, ತುಸು ಬಾಗುತ್ತಾಳೆ. ಚಕ್ರದ ನಡುವೆ ಕಣ್ಣು ನೆಟ್ಟು, ತುಟಿಯಲ್ಲೇ ಒಂದರಿಂದ ಐದರವರೆಗೆ ಎಣಿಸಿ, ಸುತ್ತು ಹಾಕಿ ಉಳಿದ ಮೂರು ಚಕ್ರಗಳನ್ನೂ ನೋಡಿಕೊಂಡು ಮುಂದೆ ಹೋಗುತ್ತಾಳೆ. ಕಪ್ಪು ಕಾರಾದರೆ ಚೀಲ ಕೆಳಗಿಟ್ಟು ಮಂಡಿಯೂರುತ್ತಾಳೆ. ಶಾಲೆ ಬಿಟ್ಟ ಮಕ್ಕಳು ಹಿಂದಿನಿಂದ "ನಾಲ್ಕು, ಐದು, ಪಾಸ್!" ಎಂದು ಕೂಗಿ ಓಡುತ್ತವೆ. ಅವಳು ಬೈಯುವುದಿಲ್ಲ. ಹೋದ ವರ್ಷದವರೆಗೆ ಅವಳಿಗೆ ಈ ಚಾಳಿ ಇರಲಿಲ್ಲ. ಆಗ ಅವಳನ್ನು ಬೀದಿಯಲ್ಲಿ ಯಾರೂ ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಶೆಡ್ಡಿನವನ ಹೆಂಡತಿ, ಅಷ್ಟೆ.

ಶೆಡ್ಡು ಮನೆಯ ಹಿಂದೆಯೇ. ಅಡುಗೆಮನೆಯ ಬಾಗಿಲು ದಾಟಿದರೆ ಬಟ್ಟೆ ಒಗೆಯುವ ಕಲ್ಲು, ಅದನ್ನು ದಾಟಿದರೆ ತಗಡಿನ ಮಾಡು. ಮುಂದಿನ ಬೋರ್ಡಿನಲ್ಲಿ ಗಂಡನ ಹೆಸರು, ಅದರ ಕೆಳಗೆ ನಕ್ಷತ್ರದಂತೆ ಮಿನುಗುವ ಚಕ್ರದ ಚಿತ್ರ. ಕಾರಿನ ಅಲಾಯ್ ಚಕ್ರಗಳ ಹೊಳಪು ಮರಳಿ ತರುವುದು ಅವರ ಮನೆತನದ ಕಸುಬು. ಬೆಳ್ಳಿಬಣ್ಣದ ಮೇಲೆ ಗಾಜಿನಂಥ ತೆಳುಪದರವೊಂದು ಇರುತ್ತದೆ, ಕ್ಲಿಯರ್ ಕೋಟ್ ಎಂದು. ಅಂಚಿನಲ್ಲಿ ಒಂದು ಗೀರು ಬಿದ್ದರೆ ಸಾಕು, ನೀರು ಒಳಗೆ ನುಸುಳುತ್ತದೆ. ಪದರದ ಅಡಿಯಲ್ಲಿ ಬಿಳಿ ಹುಳು ಹರಿದಂಥ ಗೆರೆಗಳು ಹಬ್ಬುತ್ತವೆ. ಮೇಲೆ ಎಲ್ಲ ನುಣ್ಣಗೆ, ಒಳಗೆ ಹುಳು ನಡೆಯುತ್ತಲೇ ಇರುತ್ತದೆ. ಕೊನೆಗೊಂದು ದಿನ ಪದರ ಬಿಸಿಲಿಗೆ ಸುಲಿದ ಚರ್ಮದ ಹಾಗೆ ಏಳುತ್ತದೆ. ಕಾರಿನವರು ಆಗ ಗಮನಿಸುತ್ತಾರೆ, "ನಿನ್ನೆವರೆಗೂ ಚೆನ್ನಾಗಿತ್ತಲ್ಲ" ಎನ್ನುತ್ತಾರೆ.

ಎದ್ದ ಪದರವನ್ನು ಉಗುರು ಬ್ಲೇಡುಗಳಿಂದ ಸುಲಿಯುವುದು ಅವಳು. ನೀರು ಹನಿಸುತ್ತ ಮೊದಲು ಒರಟು ಎಮರಿ ಪೇಪರ್, ಆಮೇಲೆ ನಡುತರದ್ದು, ಆಮೇಲೆ ಮುಟ್ಟಿದರೆ ರೇಷ್ಮೆಯಂತಿರುವುದು, ಹೀಗೆ ಮೂರು ಸಲ ತಿಕ್ಕುವುದು ಅವಳು. ಹಳೆ ಪದರಕ್ಕೂ ಬರಿಯ ಲೋಹಕ್ಕೂ ನಡುವೆ ಬೆರಳಿಗೆ ಮೆಟ್ಟಿಲು ಸಿಗದ ಹಾಗೆ ಅಂಚು ಇಳಿಸುವುದು, ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸುವುದು, ಕೊಕ್ಕೆಗೆ ತೂಗು ಹಾಕುವುದು ಎಲ್ಲ ಅವಳದೇ. ಇಷ್ಟಾದ ಮೇಲೆ ಅವನು ಬರುತ್ತಾನೆ. ಕನ್ನಡಕ, ಕೈಗವಸು, ಕೈಯಲ್ಲಿ ಬಣ್ಣ ಸಿಂಪಡಿಸುವ ಗನ್. ಕಂಪ್ರೆಸರ್ ಗುಡುಗುತ್ತದೆ, ಬಣ್ಣದ ಮಂಜು ಏಳುತ್ತದೆ, ಅರ್ಧ ಗಂಟೆಯಲ್ಲಿ ಚಕ್ರ ಹೊಸದು. ಗಿರಾಕಿಗಳು ಬರುವ ಹೊತ್ತಿಗೆ ಅವಳು ಗನ್ ತೊಳೆಯುತ್ತಲೋ ಅನ್ನಕ್ಕೆ ಇಡುತ್ತಲೋ ಇರುತ್ತಾಳೆ. "ನಿಮ್ಮ ಕೈಯಲ್ಲಿ ಜಾದೂ ಇದೆ ಮಾರಾಯ್ರೆ" ಎಂಬ ಮಾತು ಅಡುಗೆಮನೆಯ ಕಿಟಕಿಯಿಂದ ಚೆನ್ನಾಗಿ ಕೇಳಿಸುತ್ತದೆ.

ಅವಳ ಕೆಲಸದಲ್ಲಿ ಇನ್ನೊಂದು ಸಣ್ಣ ಭಾಗವಿತ್ತು. ಅದು ಎಷ್ಟು ಸಣ್ಣದೆಂದರೆ ಅದಕ್ಕೆ ಹೆಸರೇ ಇರಲಿಲ್ಲ. ದಿನಾ ಬೆಳಗ್ಗೆ ಹಿಟ್ಟು ಕಲಸುವಾಗ ಅವಳು ಒಂದು ಮುಷ್ಟಿ ಹಿಟ್ಟನ್ನು ಬೇರೆ ಎತ್ತಿಡುತ್ತಿದ್ದಳು. ಮನೆಯವರ ಹೊಟ್ಟೆಗೆ ಹೋಗುವ ಹಿಟ್ಟಿಗೆ ಎಣ್ಣೆ, ಶೆಡ್ಡಿಗೆ ಹೋಗುವ ಹಿಟ್ಟಿಗೆ ಬರೀ ಉಪ್ಪು. ಎಣ್ಣೆಯ ಒಂದು ಹನಿ ತಾಗಿದರೂ ಬಣ್ಣ ಅಲ್ಲಿ ಮೀನಿನ ಕಣ್ಣಿನಂತೆ ಒಡೆಯುತ್ತದೆ. ಆ ಹಿಟ್ಟಿನಿಂದ ಬೆರಳ ತುದಿಯಷ್ಟು ಚೂಪು ಉಂಡೆಗಳನ್ನು ಹೊಸೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಚಕ್ರದ ಐದೂ ನಟ್ಟಿನ ತೂತುಗಳಿಗೆ ಒಂದೊಂದನ್ನೂ ಒತ್ತಿ ಮುಚ್ಚುತ್ತಿದ್ದಳು. ಒಣಗಿದ ಉಂಡೆ ಕುಗ್ಗಿ ಸಂದು ಬಿಡುತ್ತದೆ, ಹಾಗಾಗಿ ದಿನದ್ದು ದಿನವೇ ಆಗಬೇಕು. ಚಕ್ರದ ಬೆನ್ನಿಗೆ, ಅದು ಕಾರಿಗೆ ತಾಗಿ ಕೂರುವ ಜಾಗಕ್ಕೆ, ಹಳೆ ಪತ್ರಿಕೆಯಿಂದ ಡಬ್ಬಿಯ ಮುಚ್ಚಳವನ್ನು ಅಳತೆಯಿಟ್ಟು ಕತ್ತರಿಸಿದ ಗುಂಡು ಕಾಗದ. ಬಣ್ಣ ಒಣಗಿದ ಮೇಲೆ ಉಂಡೆ ತಿರುವಿ ತೆಗೆದರೆ ಒಳಗೆ ಬರಿಯ ಲೋಹ, ಮಂಕಾಗಿ. ಯಾವ ಗಿರಾಕಿಯೂ ಅದನ್ನು ನೋಡಿ ವಾಹ್ ಅಂದವನಲ್ಲ. ಕೆಲಸ ಸರಿಯಾಗಿದ್ದಷ್ಟೂ ಕಾಣದಂಥ ಕೆಲಸ ಅದು.

ಇದನ್ನು ಕಲಿಸಿದವಳು ಅತ್ತೆ. ಮಾವ ಬದುಕಿದ್ದಾಗ ಮಗನಿಗೆ ಗನ್ ಹಿಡಿಯುವುದನ್ನು ಕಲಿಸಿದ. ಸೊಸೆ ಮನೆಗೆ ಬಂದ ಎರಡನೇ ವಾರ ಅತ್ತೆ ಅವಳನ್ನು ಹಿಟ್ಟಿನ ಪಾತ್ರೆಯ ಮುಂದೆ ಕೂರಿಸಿದಳು.

"ಇದ್ಯಾಕೆ ಅತ್ತೆ, ಚಂದಕ್ಕಾ?" ಎಂದು ಕೇಳಿದ್ದಳು ಸೊಸೆ.

"ಚಂದಕ್ಕೆ ಅವರಿದ್ದಾರಲ್ಲ. ಇದು ಜೀವಕ್ಕೆ," ಎಂದಿದ್ದಳು ಅತ್ತೆ. "ನಟ್ಟು ಲೋಹವನ್ನ ಕಚ್ಚಿ ಹಿಡೀಬೇಕು ಕಣೇ. ಮಧ್ಯೆ ಬಣ್ಣ ಇದ್ರೆ ಬಣ್ಣವನ್ನ ಕಚ್ಚುತ್ತೆ. ಇವತ್ತು ಬಿಗಿಯಾಗೇ ಇರುತ್ತೆ, ಆನೆ ಬಂದ್ರೂ ಅಲ್ಲಾಡಲ್ಲ. ನಾಲ್ಕು ದಿನ ಓಡಿ, ಬ್ರೇಕಿನ ಬಿಸಿ ತಾಗಿ, ಬಣ್ಣ ಮೆತ್ತಗಾಗಿ ಹಿಂಡಿ ಹೋಗುತ್ತೆ ನೋಡು, ಆವಾಗ ನಟ್ಟಿಗೆ ಹಿಡಿಯೋಕೆ ಏನೂ ಇರಲ್ಲ."

ಆಮೇಲೆ ಅತ್ತೆ ಹೇಳಿದ ಕತೆಯನ್ನು ಅವಳು ಮರೆತಿರಲಿಲ್ಲ. ಕಸುಬು ಶುರುವಾದ ಮೊದಲ ವರ್ಷ, ಇವರ ಶೆಡ್ಡಿನಿಂದಲೇ ಹೋದ ಕಾರೊಂದರ ಚಕ್ರ ಕಳಚಿ, ತನ್ನ ಕಾರನ್ನೇ ಹಿಂದೆ ಹಾಕಿ ಉರುಳಿಕೊಂಡು ಹೋಗಿ, ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸಿನ ಸೊಂಟಕ್ಕೆ ಬಡಿದಿತ್ತು. ಆಕೆ ಮತ್ತೆ ಎದ್ದು ನಡೆಯಲಿಲ್ಲ. ಎಲ್ಲರೂ ನಟ್ಟು ಸರಿಯಾಗಿ ಬಿಗಿದಿಲ್ಲ ಎಂದರು. ಅತ್ತೆ ಮಾತ್ರ ಬಿದ್ದ ನಟ್ಟನ್ನು ಸೆರಗಿನಲ್ಲಿ ಒರೆಸಿ ನೋಡಿದಳು. ಅದರ ಕತ್ತಿನ ಸುತ್ತ ಬೆಳ್ಳಿಬಣ್ಣದ ತೆಳು ಉಂಗುರ. ಮರುದಿನದಿಂದ ಹಿಟ್ಟು ಬೇರೆ ಎತ್ತಿಡತೊಡಗಿದಳು. ಮಾವ ಬೇಡವೆನ್ನಲಿಲ್ಲ, ಹೌದೆನ್ನಲೂ ಇಲ್ಲ. ಚಕ್ರಗಳು ಅವನ ಕೈಗೆ ಬರುವಾಗ ತೂತು ಮುಚ್ಚಿಕೊಂಡೇ ಬರುತ್ತಿದ್ದವು. ಮಗನ ಕೈಗೂ ಹಾಗೆಯೇ ಬಂದವು. ನೀರು ನಲ್ಲಿಯಲ್ಲಿ ಬರುವ ಹಾಗೆ, ಮಡಿಸಿದ ಬಟ್ಟೆ ಕಪಾಟಿನಲ್ಲಿ ಇರುವ ಹಾಗೆ.

ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಜೊತೆಗೆ ಇರುವುದು ಯಾರು ಎಂಬ ಪ್ರಶ್ನೆ ಆ ಮನೆಯಲ್ಲಿ ಏಳಲೇ ಇಲ್ಲ. "ಹೆಂಗಸರ ವಾರ್ಡಲ್ಲಿ ನಾನು ಹೇಗೆ ಇರ್ಲಿ?" ಎಂದ ಗಂಡ. ಅದು ನಿಜವೂ ಆಗಿತ್ತು, ಅನುಕೂಲವೂ ಆಗಿತ್ತು. ಅವಳು ಎಂಟು ದಿನ ಆಸ್ಪತ್ರೆಯ ನೆಲದ ಮೇಲೆ ಚಾಪೆ ಹಾಸಿ ಮಲಗಿದಳು. ಸಂಜೆ ಎರಡು ಗಂಟೆ ಮನೆಗೆ ಓಡಿಬಂದು, ಗಂಡನಿಗೆ ಮರುದಿನದವರೆಗಾಗುವಷ್ಟು ಅಡುಗೆ ಮಾಡಿಟ್ಟು, ಅತ್ತೆಯ ಬಟ್ಟೆ ಒಗೆದು ಮತ್ತೆ ಓಡುತ್ತಿದ್ದಳು. ಶೆಡ್ಡಿನ ಕಡೆ ಕತ್ತು ಹೊರಳಿಸಲು ಪುರುಸೊತ್ತಿರಲಿಲ್ಲ. ಅಲ್ಲಿ ಕೆಲಸ ನಡೆದಿದೆ ಎಂಬುದು ಸದ್ದಿನಿಂದ ಗೊತ್ತಾಗುತ್ತಿತ್ತು. ಗಂಡ ಊಟಕ್ಕೆ ಕೂತು ಬೆರಳು ತೋರಿಸುತ್ತಿದ್ದ: "ನೋಡೇ, ಉಗುರೆಲ್ಲ ಸವೆದು ಹೋಯ್ತು. ಈ ತಿಕ್ಕೋ ಕೆಲಸ ಇಷ್ಟು ಹಾಳು ಅಂತ ಯಾರು ಕಂಡಿದ್ರು!" ಅವಳು ನಕ್ಕಿದ್ದಳು. ಇಪ್ಪತ್ತು ವರ್ಷ ಅವನ ಕಣ್ಣೆದುರೇ ಇದ್ದ ಹಿಟ್ಟಿನ ಉಂಡೆಯನ್ನು ಮತ್ತೆ ಬಾಯಿಬಿಟ್ಟು ಹೇಳಬೇಕು ಎಂದು ಅವಳಿಗೂ ಹೊಳೆಯಲಿಲ್ಲ.

ಹೊಳೆದದ್ದು ಒಂಬತ್ತನೇ ದಿನ. ಗುರುವಾರ, ಬೆಳಗ್ಗೆ ಒಂಬತ್ತೂವರೆ.

ಅತ್ತೆ ನೋವಿನ ಮಾತ್ರೆಯ ಮಂಪರಿನಲ್ಲಿದ್ದಳು. ಬಲಗೈ ಹೊದಿಕೆಯ ಮೇಲೆ ಆಡುತ್ತಿತ್ತು, ಹೆಬ್ಬೆರಳು ತೋರುಬೆರಳುಗಳ ನಡುವೆ ಏನನ್ನೋ ಹೊಸೆಯುತ್ತಿತ್ತು. ಸೊಸೆ ಹಣ್ಣು ಹೆಚ್ಚುತ್ತಿದ್ದವಳು ಆ ಕೈಯನ್ನೇ ನೋಡಿದಳು. ಹೊಸೆಯುವುದು, ಇಡುವುದು. ಹೊಸೆಯುವುದು, ಇಡುವುದು. ಐದಾದ ಮೇಲೆ ಕೈ ನಿಂತಿತು. ಅತ್ತೆ ಕಣ್ಣು ತೆರೆಯದೆಯೇ ಕೇಳಿದಳು:

"ಉಂಡೆ ಮಾಡಿಟ್ಟು ಬಂದಿದ್ದೀಯಲ್ಲ?"

ಸೊಸೆ ಚಾಕು ಹಿಡಿದೇ ಎದ್ದಳು. ಹೊರಗೆ ಬಂದು ಗಂಡನಿಗೆ ಫೋನ್ ಮಾಡಿದಳು.

"ರೀ, ಬ್ರೇಕ್ ಮೇಡಂ ವೀಲು ಆಯ್ತಾ?"

"ಮೊನ್ನೆ ಸಂಜೆಯೇ ಹಾಕಿ ಕಳಿಸ್ದೆ. ಏನು ಹೊಳಪು ಅಂತೀಯ! ಮೂರು ಕೋಟು ಹೊಡೆದಿದ್ದೀನಿ."

"ತೂತು ಮುಚ್ಚಿದ್ರಾ?"

"ಯಾವ ತೂತು?"

"ನಟ್ಟಿನ ತೂತು ರೀ. ಹಿಟ್ಟಿನ ಉಂಡೆ ಇಡ್ತೀನಲ್ಲ."

"ಓ, ಅದಾ! ನೀನಿರ್ಲಿಲ್ಲ, ಹಿಟ್ಟಿನ ಡಬ್ಬ ಎಲ್ಲಿದೆಯೋ ಏನೋ. ತೂತಿನ ಒಳಗೂ ಹೊಡೆದೆ, ಹಿಂದುಗಡೆನೂ ಹೊಡೆದೆ, ಒಂದು ಚುಕ್ಕೆ ಜಾಗ ಬಿಟ್ಟಿಲ್ಲ. ನಿಜ ಹೇಳ್ಬೇಕಂದ್ರೆ ನೀನು ಬಿಡ್ತಿದ್ದ ಆ ಮಂಕು ಜಾಗ ನಂಗೆ ಯಾವತ್ತೂ ಹಿಡಿಸಿರ್ಲಿಲ್ಲ. ಸುಮ್ನೆ ಚಂದಕ್ಕೆ ಮಾಡ್ತಾಳೆ, ಮಾಡ್ಲಿ ಅಂತ ಬಿಟ್ಟಿದ್ದೆ."

ಬ್ರೇಕ್ ಮೇಡಂ ಎಂದರೆ ಡ್ರೈವಿಂಗ್ ಶಾಲೆ ನಡೆಸುವಾಕೆ. ಪಕ್ಕದ ಸೀಟಿನಲ್ಲಿ ಕೂತು ಮೂರು ಬೀದಿಗೆ ಕೇಳುವಂತೆ "ಬ್ರೇಕ್! ಬ್ರೇಕ್!" ಎಂದು ಕಿರುಚುವುದರಿಂದ ಆ ಹೆಸರು. ಕಲಿಯುವವರು ಕಾರನ್ನು ಪಾದಚಾರಿ ಕಟ್ಟೆಗೆ ಉಜ್ಜಿ ಉಜ್ಜಿ ಚಕ್ರಗಳ ಅಂಚೆಲ್ಲ ಗೀರಾಗಿ ಕ್ಲಿಯರ್ ಕೋಟ್ ಹಪ್ಪಳದಂತೆ ಎದ್ದಿತ್ತು. ಕಾರು ತಂದುಬಿಟ್ಟ ಸಂಜೆ ಆಕೆ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದಿದ್ದಳು. "ಗುರುವಾರದೊಳಗೆ ಕೊಟ್ಬಿಡಿ. ಗುರುವಾರ ನಮ್ಮದು ಗುಡ್ಡದ ಪಾಠ. ಹತ್ತು ಗಂಟೆಗೆ ಮೇಲೆ ಹತ್ತಿಸಿ, ಇಳಿಜಾರಲ್ಲಿ ಇಳಿಸ್ತೀನಿ. ಅಲ್ಲಿ ಪಾಸಾದವರು ಎಲ್ಲಿ ಬೇಕಾದ್ರೂ ಪಾಸು," ಎಂದಿದ್ದಳು.

ವಾರ್ಡಿನ ಗಡಿಯಾರದಲ್ಲಿ ಒಂಬತ್ತು ಮೂವತ್ತೆಂಟು.

"ರೀ, ಮೇಡಂಗೆ ಫೋನ್ ಮಾಡಿ. ಗಾಡಿ ತೆಗೀಬೇಡಿ ಅನ್ನಿ. ನಟ್ಟು ಕಳಚಿಕೊಳ್ಳುತ್ತೆ."

"ನಿಂಗೇನು ತಲೆ ಕೆಟ್ಟಿದೆಯಾ? ನಾನೇ ಸ್ಪ್ಯಾನರ್ ಮೇಲೆ ನಿಂತು ಬಿಗಿ ಮಾಡಿದ್ದೀನಿ."

"ಬಿಗಿಯಾಗಿರೋದು ಬಣ್ಣಕ್ಕೆ, ವೀಲಿಗಲ್ಲ!"

"ನೋಡು, ಈಗ ಫೋನ್ ಮಾಡಿ ನಾನು ಕೆಲಸ ಕೆಡಿಸಿದ್ದೀನಿ ಅಂತ ಹೇಳ್ಲಾ? ನಮ್ಮಪ್ಪನ ಕಾಲದ ಹೆಸರು. ನಾಳೆ ನಾನೇ ಹೋಗಿ ಇನ್ನೊಂದು ಸಲ ಬಿಗಿ ಮಾಡಿ ಬರ್ತೀನಿ, ಆಯ್ತಾ? ಅಮ್ಮನ್ನ ನೋಡ್ಕೋ ನೀನು."

ಅವನು ನಂಬರನ್ನಂತೂ ಕೊಟ್ಟ. ಅವಳು ಏಳು ಸಲ ಮಾಡಿದಳು. ಪಾಠ ಮಾಡುವಾಗ ಬ್ರೇಕ್ ಮೇಡಂ ಫೋನನ್ನು ಡಬ್ಬಿಯೊಳಗೆ ಹಾಕಿ ಬೀಗ ಹಾಕುತ್ತಾಳೆ, ಅದು ಅವಳ ಶಾಲೆಯ ನಿಯಮ. ಒಳ್ಳೆಯ ನಿಯಮ. ಗಂಟೆ ಬಡಿದು ಬಡಿದು ನಿಂತಿತು.

ಅವಳು ಒಳಗೆ ಬಂದಾಗ ಅತ್ತೆಯ ಕಣ್ಣು ತೆರೆದಿತ್ತು.

"ಮುಚ್ಚಿಲ್ಲ," ಎಂದಳು ಅತ್ತೆ. ಅದು ಪ್ರಶ್ನೆಯಾಗಿರಲಿಲ್ಲ.

"ಇಲ್ಲ ಅತ್ತೆ. ಮೂರು ಕೋಟು. ಇವತ್ತು ಗುಡ್ಡ ಹತ್ತಿಸ್ತಾರೆ."

"ಹಾಗಾದ್ರೆ ಇಲ್ಲಿ ಏನು ಮಾಡ್ತಿದ್ದೀಯ?"

"ನೀವೊಬ್ರೇ…"

"ಹೋಗೇ. ನಾನೇನು ಎದ್ದು ಓಡಿ ಹೋಗ್ತೀನಾ?" ಎಂದಳು ಅತ್ತೆ. ನಗಲು ಹೋಗಿ ನೋವಿಗೆ ಮುಖ ಕಿವುಚಿದಳು. ಸೊಸೆ ಹಣ್ಣಿನ ಚಾಕು ಕೈಯಲ್ಲಿ ಹಿಡಿದೇ ಮೆಟ್ಟಿಲಿಳಿದಳು.

ಗುಡ್ಡದ ಕಡೆ ಹೋಗುವ ವ್ಯಾನೊಂದು ಆಸ್ಪತ್ರೆಯ ಗೇಟಿನಲ್ಲೇ ಜನ ತುಂಬಿಸುತ್ತಿತ್ತು. ಅವಳು ಚಾಕು ಹಿಡಿದ ಕೈಯನ್ನು ಸೆರಗಿನಲ್ಲಿ ಮರೆಸಿಕೊಂಡು ಚಾಲಕನ ಪಕ್ಕ ಹತ್ತಿದಳು.

"ಎಲ್ಲಿಗಕ್ಕಾ?"

"ಮೇಲಕ್ಕೆ. ಡ್ರೈವಿಂಗ್ ಶಾಲೆ ಕಾರು ಸಿಗೋತನಕ."

"ಕಲಿಯೋಕಾ? ಕಾರು ಅಟ್ಟಿಸ್ಕೊಂಡು ಹೋಗಿ ಪಾಠ ಕೇಳೋರನ್ನ ನಾನು ಕಂಡಿರ್ಲಿಲ್ಲ," ಎಂದು ಅವನು ನಕ್ಕ. ಹಿಂದಿನವರೂ ನಕ್ಕರು. ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಕಲಿಯಬೇಕೆಂದು ಒಮ್ಮೆ ಅವಳೂ ಕೇಳಿದ್ದುಂಟು. ಮನೆಯಲ್ಲಿ ಸದಾ ಒಂದಲ್ಲ ಒಂದು ಕಾರು ನಿಂತಿರುತ್ತದಲ್ಲ ಎಂದು. "ನೀನು ಕಾರು ತಗೊಂಡು ಎಲ್ಲಿಗೆ ಹೋಗೋಳು?" ಎಂದಿದ್ದ ಗಂಡ. ಆ ಪ್ರಶ್ನೆಗೆ ಉತ್ತರ ಈಗ ಇತ್ತು.

ಬಿಸಿಲು ಚೆನ್ನಾಗಿತ್ತು. ರಸ್ತೆ ಸುತ್ತಿ ಸುತ್ತಿ ಏರುತ್ತಿತ್ತು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಮೊಣಕಾಲೆತ್ತರದ ಕಟ್ಟೆ, ಕಟ್ಟೆಯಾಚೆ ಬರಿಯ ಗಾಳಿ. ಮೂರನೇ ತಿರುವಿನಲ್ಲಿ ಡಾಂಬರಿನ ಮೇಲೆ ಏನೋ ಫಳಕ್ಕೆಂದಿತು.

"ನಿಲ್ಸಿ!"

ಇಳಿದು ಎತ್ತಿಕೊಂಡಳು. ನಟ್ಟು. ಇನ್ನೂ ಬೆಚ್ಚಗಿತ್ತು. ಬಿಸಿಲಿಗೋ ಬ್ರೇಕಿಗೋ ತಿಳಿಯಲಿಲ್ಲ. ಕತ್ತಿನ ಸುತ್ತ ಬೆಳ್ಳಿಬಣ್ಣದ ಉಂಗುರ, ಅದರಿಂದ ಎದ್ದ ಪಾರದರ್ಶಕ ಸಿಪ್ಪೆ, ಉಗುರಿನಷ್ಟು. ಅತ್ತೆ ಹೇಳಿದ ಕತೆ ಅವಳ ಅಂಗೈಯಲ್ಲಿತ್ತು.

"ಚಿನ್ನ ಸಿಕ್ತಾ ಅಕ್ಕಾ?" ಎಂದು ಹಿಂದಿನ ಸೀಟಿನವನೊಬ್ಬ ಕೇಳಿದ. ಅವಳು ನಟ್ಟನ್ನು ಎಡಮುಷ್ಟಿಯಲ್ಲಿ ಬಿಗಿಹಿಡಿದು ಮತ್ತೆ ಹತ್ತಿದಳು.

ಐದನೇ ತಿರುವಿನ ಬಳಿ ಮೇಲಿನಿಂದ ಸದ್ದು ಬಂತು. ಟಕ್. ಟಕ್. ಟಕ್. ಆತುರವಿಲ್ಲದ, ಯಾರೋ ಬಾಗಿಲು ತಟ್ಟುವಂಥ ಸದ್ದು. ಅವಳು ಚಾಲಕನ ತೋಳು ಹಿಡಿದಳು. ವ್ಯಾನು ಬಂಡೆಯ ಮಗ್ಗುಲಿಗೆ ನಿಂತಿತು, ಅವಳು ಇಳಿದು ಓಡಿದಳು. ತಿರುವಿನಾಚೆಯಿಂದ ಕೆಂಪಕ್ಷರದ ಬೋರ್ಡು ಹೊತ್ತ ಕಾರು ಇಳಿಯುತ್ತಿತ್ತು. ನಾಲ್ಕೂ ಚಕ್ರ ಬಿಸಿಲಿಗೆ ಕನ್ನಡಿಯಂತೆ ಉರಿಯುತ್ತಿದ್ದವು. ಕಣಿವೆಯ ಕಡೆಯ ಮುಂದಿನ ಚಕ್ರ ಮಾತ್ರ ಕುಡಿದವನ ಹೆಜ್ಜೆಯ ಹಾಗೆ ಅತ್ತಿತ್ತ ತೂಗುತ್ತಿತ್ತು.

ಅವಳು ರಸ್ತೆಯ ನಡುವೆ ಹೋಗಿ ಎರಡೂ ಕೈ ಅಗಲಿಸಿ ನಿಂತಳು. ಬಲಗೈಯಲ್ಲಿ ಚಾಕು ಇದೆ ಎಂಬುದು ಅವಳಿಗೆ ನೆನಪಿರಲಿಲ್ಲ.

"ಬ್ರೇಕ್! ಬ್ರೇಕ್! ಬ್ರೇಕ್!"

ಆ ಕಿರುಚಾಟ ಅವಳಿಗೆ ಅಷ್ಟು ಇಂಪಾಗಿ ಯಾವತ್ತೂ ಕೇಳಿಸಿರಲಿಲ್ಲ. ಕಾರು ಮೂಗು ಮುಗ್ಗರಿಸಿ, ಕಟ್ಟೆಯ ಕಡೆ ವಾಲಿ, ಅವಳ ಮೊಣಕಾಲಿಗೆ ಎರಡು ಮೊಳ ದೂರದಲ್ಲಿ ನಿಂತಿತು.

ಮೇಡಂ ಬಾಗಿಲು ಒದ್ದು ಇಳಿದಳು. "ಸಾಯೋಕೆ ನನ್ನ ಕಾರೇ ಬೇಕಿತ್ತಾ ನಿಂಗೆ! ಅದೂ ಚಾಕು ಹಿಡ್ಕೊಂಡು…" ಎಂದವಳು ಅವಳ ಇನ್ನೊಂದು ಅಂಗೈ ನೋಡಿದಳು. "ಅಯ್ಯೋ, ಇದು ಎಲ್ಲಿತ್ತು?"

ಅವಳು ಬಗ್ಗಿ ಆ ಚಕ್ರದ ನಟ್ಟು ಎಣಿಸಿದಳು. ಐದರಲ್ಲಿ ಎರಡು ಉಳಿದಿದ್ದವು. ಅವನ್ನು ಬೆರಳಿನಿಂದಲೇ ತಿರುವಿದಳು. ಉಪ್ಪಿನಕಾಯಿ ಜಾಡಿಯ ಮುಚ್ಚಳದ ಹಾಗೆ ಸಲೀಸಾಗಿ ತಿರುಗಿದವು.

ಸ್ಟೀರಿಂಗ್ ಹಿಡಿದಿದ್ದಾಕೆ ಅರವತ್ತು ದಾಟಿದ ನಿವೃತ್ತ ಶಿಕ್ಷಕಿ. ಗಂಡ ತೀರಿಕೊಂಡ ಮೇಲೆ ಕಾರು ಕಲಿಯಲು ಹೊರಟವಳು. ಇಳಿದವಳೇ ಮೇಡಂ ಕಡೆ ಬೆರಳು ಮಾಡಿದಳು. "ನಾನು ಮೇಲಿಂದಲೇ ಹೇಳ್ದೆ ಮೇಡಂ, ಟಕ್ ಟಕ್ ಅಂತಿದೆ ಅಂತ. ನೀವು, ಅದು ನಿಮ್ಮ ಬಳೆ ಅಂದ್ರಿ."

"ಅಂದೆ ಕಣಮ್ಮ, ತಪ್ಪಾಯ್ತು," ಎಂದು ಬ್ರೇಕ್ ಮೇಡಂ ಕಟ್ಟೆಯ ಮೇಲೆ ಕುಸಿದು ಕೂತಳು. ಬೆನ್ನ ಹಿಂದಿನ ಆಳ ಕಂಡು ತಕ್ಷಣ ಎದ್ದು ಬಂಡೆಯ ಕಡೆ ಹೋಗಿ ಕೂತಳು.

ಡಿಕ್ಕಿಯಿಂದ ಜಾಕೂ ಸ್ಪ್ಯಾನರೂ ಬಂದವು. ಅವಳು ಆ ಚಕ್ರವನ್ನು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು, ಹಣ್ಣಿನ ಚಾಕುವಿನಿಂದ ಒಂದೊಂದೇ ತೂತಿನ ಒಳಗಿನ ಬಣ್ಣ ಕೆರೆದಳು. ಬೆನ್ನ ಮೇಲಿನದನ್ನೂ ಕೆರೆದಳು. ಮಿರಿಮಿರಿ ಹೊಳಪು ಪುಡಿ ಪುಡಿಯಾಗಿ ಸೀರೆಯ ಮೇಲೆ ಉದುರಿತು, ಅಡಿಯಿಂದ ಮಂಕು ಲೋಹ ಕಂಡಿತು. ಆಮೇಲೆ ಉಳಿದ ಮೂರು ಚಕ್ರ. ಅವುಗಳಲ್ಲೂ ಮೂರು ನಟ್ಟುಗಳು ಆಗಲೇ ಸಡಿಲವಾಗಿದ್ದವು. ಕಳೆದುಹೋದ ಎರಡರ ಬದಲಿಗೆ ಬೇರೆ ಚಕ್ರಗಳಿಂದ ಒಂದೊಂದು ತೆಗೆದು ಹಾಕಿದಳು. ಎಲ್ಲ ಮುಗಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಚಾಕುವಿನ ಮೊನೆ ಮುರಿದಿತ್ತು.

"ನಿನ್ನ ಗಂಡ ಎಷ್ಟು ಹೊಗಳಿಕೊಂಡ ಗೊತ್ತಾ," ಎಂದಳು ಮೇಡಂ, ನೀರಿನ ಬಾಟಲಿ ಅವಳ ಕೈಗಿಡುತ್ತ. "ಈ ಸಲ ಪೂರ್ತಿ ನನ್ನದೇ ಕೆಲಸ, ಒಬ್ಬನೇ ಮಾಡಿದ್ದು, ಎಂಟಕ್ಕೆ ಎಂಟೂ ಅಂತ. ಕೊಕ್ಕೆಯಲ್ಲಿ ಸಾಲಾಗಿ ತೂಗು ಹಾಕಿದ್ದ, ನಾನೇ ದಂಗಾಗಿ ನಿಂತೆ."

ಅವಳು ನೀರು ಕುಡಿಯುತ್ತಿದ್ದವಳು ನಿಲ್ಲಿಸಿದಳು. "ಎಂಟಾ?"

"ಹೂಂ. ನನ್ನದು ನಾಲ್ಕು, ಇನ್ಯಾರದೋ ನಾಲ್ಕು. ಅಂಗಳದಲ್ಲಿ ಒಂದು ಕಪ್ಪು ಕಾರು ನಿಂತಿತ್ತಲ್ಲ, ಇಟ್ಟಿಗೆ ಮೇಲೆ."

ಅವಳು ಗಂಡನಿಗೆ ಫೋನ್ ಮಾಡಿದಳು. ಮೊದಲು ನಟ್ಟಿನ ವಿಷಯ ಹೇಳಿದಳು. ಐದರಲ್ಲಿ ಮೂರು ಬಿದ್ದಿದ್ದವು, ಒಂದು ನನ್ನ ಕೈಯಲ್ಲಿದೆ ಎಂದಳು.

"ಕಪ್ಪು ಕಾರು ಯಾರದ್ದು?"

"ಯಾರೋ ದಾರಿಯಲ್ಲಿ ಹೋಗೋರು ಕಣೇ," ಎಂದ ಗಂಡ. ದನಿ ಅವನದೇ ಅನಿಸಲಿಲ್ಲ. "ಬೋರ್ಡು ನೋಡಿ ಬಂದ್ರು. ಪಕ್ಕದ ಹೋಟೆಲಲ್ಲಿ ಎರಡು ದಿನ ಉಳ್ಕೊಂಡು ಮಾಡಿಸ್ಕೊಂಡು ಹೋದ್ರು. ಗಂಡ ಹೆಂಡ್ತಿ, ಎರಡು ಮಕ್ಕಳು. ಚಿಕ್ಕದು ಕೈಗೂಸು."

"ನಂಬರು?"

"ತಗೊಂಡಿಲ್ಲ."

"ಯಾವ ಊರು?"

"ಕೇಳ್ಲಿಲ್ಲ. ದೂರ ಹೋಗ್ಬೇಕು ಅಂದಿದ್ರು. ವೀಲ್ ನೋಡಿ ಖುಷಿಪಟ್ರು…"

ಅವಳು ಕಟ್ಟೆಯ ಬಳಿ ಬಂದು ನಿಂತಳು. ಕೆಳಗೆ ಬಯಲಿನಲ್ಲಿ ಹೆದ್ದಾರಿ ಕಾಣುತ್ತಿತ್ತು. ಬೆಂಕಿಪೆಟ್ಟಿಗೆಯಷ್ಟು ಚಿಕ್ಕದಾಗಿ ಕಾಣುವ ಕಾರುಗಳು ಎರಡೂ ದಿಕ್ಕಿಗೆ ಹರಿಯುತ್ತಿದ್ದವು. ಎಷ್ಟೊಂದು ಕಪ್ಪು ಕಾರುಗಳು. ಒಂದೊಂದರ ಚಕ್ರವೂ ಬಿಸಿಲಿಗೆ ಒಮ್ಮೊಮ್ಮೆ ಫಳಕ್ಕೆನ್ನುತ್ತಿತ್ತು.

ಗಂಡ ಸುಮ್ಮನೆ ಕೂತನೆಂದು ಹೇಳುವ ಹಾಗಿಲ್ಲ. ಆ ಸಂಜೆಯೇ ಹೋಟೆಲಿಗೆ ಹೋದ. ಅಲ್ಲಿ ಬರೆಸಿದ್ದ ಫೋನ್ ನಂಬರಿನಲ್ಲಿ ಒಂದು ಅಂಕೆ ಕಡಿಮೆ ಇತ್ತು. ಆ ಒಂದು ಅಂಕೆಯನ್ನು ಅಲ್ಲಿ ಇಲ್ಲಿ ಸೇರಿಸಿ ಯಾರು ಯಾರಿಗೋ ಫೋನ್ ಮಾಡಿ ಬೈಸಿಕೊಂಡ. ಹೆದ್ದಾರಿಯ ಪೆಟ್ರೋಲ್ ಬಂಕಿನ ಬಳಿ ನಾಲ್ಕು ದಿನ ನಿಂತು ಬಂದ. ಪೊಲೀಸರು ಎಲ್ಲ ಕೇಳಿಸಿಕೊಂಡು, "ಏನೂ ಆಗಿಲ್ಲವಲ್ಲ, ಆದ ಮೇಲೆ ಬನ್ನಿ," ಎಂದರು. ಈಗ ಅವನು ಗನ್ ಎತ್ತುವ ಮೊದಲು ಒಂದೊಂದು ಉಂಡೆಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾನೆ. ಹಿಟ್ಟು ಕಲಸುವುದು ಮಾತ್ರ ಈಗಲೂ ಅವಳೇ.

ಅತ್ತೆ ಮನೆಗೆ ಬಂದು ಕೋಲು ಹಿಡಿದು ನಡೆಯುತ್ತಾಳೆ. ಬೆಳಗ್ಗೆ ಹಿಟ್ಟಿನ ಪಾತ್ರೆ ಮುಂದಿಟ್ಟುಕೊಂಡು ಸೊಸೆ ಕೂತಾಗ ಅವಳೂ ಕುರ್ಚಿ ಎಳೆದುಕೊಂಡು ಕೂರುತ್ತಾಳೆ.

"ಏನಾದ್ರೂ ಗೊತ್ತಾಯ್ತೇನೇ?"

"ಇಲ್ಲ ಅತ್ತೆ."

"ಗೊತ್ತಾಗ್ದೇ ಇರ್ಲಿ," ಎನ್ನುತ್ತಾಳೆ ಅತ್ತೆ. ಮತ್ತೆ, "ಗೊತ್ತಾದ್ರೆ ಒಳ್ಳೇದಿತ್ತು," ಎನ್ನುತ್ತಾಳೆ.

ಉಂಡೆ ಹೊಸೆದಾದ ಮೇಲೆ ಚಕ್ರದ ಬೆನ್ನಿಗೆ ಗುಂಡು ಕಾಗದ ಆಗಬೇಕು. ಮೊದಲು ಅವಳು ಹಳೆ ಪತ್ರಿಕೆಯನ್ನು ನೋಡದೆಯೇ ನಾಲ್ಕು ಮಡಿಕೆ ಮಾಡಿ ಒಂದೇ ಏಟಿಗೆ ಕತ್ತರಿಸುತ್ತಿದ್ದಳು. ಈಗ ಒಂದೊಂದು ಹಾಳೆಯನ್ನೂ ನೆಲದ ಮೇಲೆ ಹರಡುತ್ತಾಳೆ. ಮೂಲೆಯಲ್ಲಿ, ಜಾಹೀರಾತುಗಳ ನಡುವೆ, ಬೆರಳಗಲದ ಸುದ್ದಿಗಳಿರುತ್ತವೆ. ಕಾರು ಉರುಳಿ ದಂಪತಿ ಸಾವು. ಕಾರು ಸೇತುವೆಗೆ ಡಿಕ್ಕಿ. ಚಾಲಕನ ನಿಯಂತ್ರಣ ತಪ್ಪಿದ್ದೇ ಕಾರಣ. ಕಾರಿನ ಬಣ್ಣವನ್ನು ಅವರು ಬರೆಯುವುದಿಲ್ಲ. ನಟ್ಟನ್ನು ಯಾರೂ ಎತ್ತಿ ನೋಡಿರುವುದಿಲ್ಲ. ಅವಳು ತುದಿಯಿಂದ ತುದಿಗೆ ಓದುತ್ತಾಳೆ, ಕೂಸು ಎಂಬ ಮಾತಿದೆಯೇ ಎಂದು ಮತ್ತೊಮ್ಮೆ ಹುಡುಕುತ್ತಾಳೆ.

ಹೊರಗೆ ಕಂಪ್ರೆಸರ್ ಶುರುವಾಗುತ್ತದೆ. "ಕಾಗದ ಆಯ್ತೇನೇ?" ಎಂದು ಗಂಡ ಕೂಗುತ್ತಾನೆ.

"ಇನ್ನೊಂದು ಪುಟ ಇದೆ, ತಾಳಿ," ಎನ್ನುತ್ತಾಳೆ ಅವಳು. ಅವನು ಕಂಪ್ರೆಸರ್ ಆರಿಸಿ ಕಾಯುತ್ತಾನೆ.